ರಕ್ತದ ಕ್ಯಾನ್ಸರ್ ಕೋಶಗಳ ಮೇಲೆ ಶೀತಲ ಪ್ಲಾಸ್ಮಾ: ಪ್ರಯೋಗಾಲಯದಲ್ಲಿ ಮೊದಲ ಪರೀಕ್ಷೆ ನಡೆಸುವ ಕ್ರಮ

ಶೀತಲ ಪ್ಲಾಸ್ಮಾದಿಂದ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಕೋಶಗಳನ್ನು ಕೊಲ್ಲುವುದು ಕಷ್ಟದ ಕೆಲಸವಲ್ಲ. ಕೋಶಗಳು ತೇಲುತ್ತಿರುವ ಒಂದು ಮಿಲಿ ಲೀಟರ್ ದ್ರವದ ಮೇಲೆ ಪ್ಲಾಸ್ಮಾದ ನೀಲಿ ಜ್ವಾಲೆಯನ್ನು ಕೆಲವು ನಿಮಿಷ ಹಿಡಿದರೆ ಮರುದಿನದ ಹೊತ್ತಿಗೆ ಅವುಗಳಲ್ಲಿ ಬಹಳಷ್ಟು ಸತ್ತಿರುತ್ತವೆ. ಅವುಗಳನ್ನು ಕೊಂದದ್ದು ಏನು, ಅಷ್ಟೇ ಪ್ರಮಾಣಕ್ಕೆ ಆರೋಗ್ಯವಂತ ರಕ್ತಕೋಶಗಳು ಉಳಿಯುತ್ತವೆಯೇ ಎಂಬ ಎರಡು ಪ್ರಶ್ನೆಗಳಿಗೆ ನಂಬಬಹುದಾದ ಉತ್ತರ ಪಡೆಯುವುದು ಮಾತ್ರ ಕಷ್ಟ. ಕೋಶ ಕೃಷಿಯ ಪರಿಚಯವಿದ್ದು, ಪ್ಲಾಸ್ಮಾ ಉಪಕರಣವನ್ನು ಮೊದಲ ಸಲ ಬಳಸಲು ಹೊರಟಿರುವ ಸ್ನಾತಕೋತ್ತರ ವಿದ್ಯಾರ್ಥಿಗಳನ್ನೂ ಸಂಶೋಧಕರನ್ನೂ ಗಮನದಲ್ಲಿಟ್ಟುಕೊಂಡು, ಈ ಎರಡು ಪ್ರಶ್ನೆಗಳ ಸುತ್ತಲೇ ಪ್ರಯೋಗವನ್ನು ಕಟ್ಟುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ರೋಗಿಗಳು ಅಥವಾ ಅವರ ಮನೆಯವರು ಇದನ್ನು ಓದುತ್ತಿದ್ದರೆ ಒಂದು ಮಾತನ್ನು ಮೊದಲೇ ಹೇಳಬೇಕು. ಇಲ್ಲಿ ಹೇಳುತ್ತಿರುವ ಪ್ಲಾಸ್ಮಾ ರಕ್ತದಾನದಲ್ಲಿ ಪಡೆಯುವ ಪ್ಲಾಸ್ಮಾ ಅಲ್ಲ. ಇದು ವಿದ್ಯುತ್ತಿನಿಂದ ಅಯಾನುಗಳಾಗಿ ಒಡೆದ ಅನಿಲ. ಇದು ಯಾವುದೇ ರಕ್ತದ ಕ್ಯಾನ್ಸರ್‌ಗೆ ಅನುಮೋದನೆ ಪಡೆದ ಚಿಕಿತ್ಸೆಯೂ ಅಲ್ಲ. ಜರ್ಮನಿಯಲ್ಲಿ 2013ರಿಂದ ಕೆಲವು ಶೀತಲ ಪ್ಲಾಸ್ಮಾ ಉಪಕರಣಗಳಿಗೆ ಮಾನ್ಯತೆ ಇರುವುದು ಮಾಯದ ಗಾಯಗಳ ಆರೈಕೆಗೆ. ಅಮೆರಿಕದಲ್ಲಿ 2019ರಲ್ಲಿ ಅನುಮತಿ ದೊರೆತ ಮೊದಲ ಮಾನವ ಪ್ರಯೋಗವು ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆ ತೆಗೆದ ಜಾಗದ ಅಂಚುಗಳಿಗೆ ಸಂಬಂಧಿಸಿದ್ದು. ಇದರ ಮೇಲೆ ಆಸೆಯಿಟ್ಟು ಕೀಮೋಥೆರಪಿಯನ್ನಾಗಲಿ ಇಮ್ಯಾಟಿನಿಬ್‌ನಂಥ ಮಾತ್ರೆಯನ್ನಾಗಲಿ ಒಂದು ದಿನವೂ ಮುಂದೂಡಬಾರದು.

ಉಪಕರಣವನ್ನು ಅರಿತುಕೊಳ್ಳುವುದು

ಶೀತಲ ಪ್ಲಾಸ್ಮಾದಲ್ಲಿ ಎಲೆಕ್ಟ್ರಾನುಗಳು ಮಾತ್ರ ಬಿಸಿಯಾಗಿರುತ್ತವೆ. ಒಂದು ಎಲೆಕ್ಟ್ರಾನ್ ವೋಲ್ಟ್ ಶಕ್ತಿಯು ಸುಮಾರು 11,600 ಕೆಲ್ವಿನ್‌ಗೆ ಸಮ. ಪ್ಲಾಸ್ಮಾದ ಎಲೆಕ್ಟ್ರಾನುಗಳಲ್ಲಿ ಒಂದೆರಡು ಅಥವಾ ಇನ್ನೂ ಹೆಚ್ಚು ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇರುತ್ತದೆ. ಅವುಗಳ ದ್ರವ್ಯರಾಶಿ ತೀರ ಕಡಿಮೆಯಾದುದರಿಂದ ಭಾರವಾದ ಅನಿಲ ಕಣಗಳಿಗೆ ಶಾಖವನ್ನು ಸರಿಯಾಗಿ ದಾಟಿಸಲಾರವು. ಆದ್ದರಿಂದ ಅನಿಲವು ಕೋಣೆಯ ಉಷ್ಣತೆಯ ಆಸುಪಾಸಿನಲ್ಲೇ ಉಳಿಯುತ್ತದೆ. ಜೀವಕೋಶಗಳ ಪ್ರಯೋಗಕ್ಕೆ ಸಾಮಾನ್ಯವಾಗಿ ಎರಡು ಬಗೆಯ ಉಪಕರಣಗಳು ಬಳಕೆಯಲ್ಲಿವೆ. ಒಂದು, ಆರ್ಗಾನ್ ಅಥವಾ ಹೀಲಿಯಂ ಅನಿಲವನ್ನು ಹಾಯಿಸಿ ಪೆನ್ನಿನಂಥ ಮೂತಿಯಿಂದ ಜ್ವಾಲೆಯನ್ನು ಹೊರಡಿಸುವ ಜೆಟ್. ಇನ್ನೊಂದು, ಗಾಜು ಅಥವಾ ಸೆರಾಮಿಕ್ ಹೊದಿಸಿದ ವಿದ್ಯುದ್ವಾರದ ಕೆಳಗೆ ಗಾಳಿಯಲ್ಲೇ ವಿಸರ್ಜನೆ ನಡೆಸುವ ತಡೆಪದರದ ಉಪಕರಣ. ಇದರ ಮೂಲ ತತ್ವವನ್ನು ವೆರ್ನರ್ ಫಾನ್ ಸೀಮೆನ್ಸ್ 1857ರಲ್ಲೇ ಓಝೋನ್ ತಯಾರಿಕೆಗೆ ಬಳಸಿದ್ದರು. ತೇಲುವ ಕೋಶಗಳ ಮೊದಲ ಪ್ರಯೋಗಕ್ಕೆ ಜೆಟ್ ಅನುಕೂಲ. ಮೂತಿಯಿಂದ ದ್ರವಕ್ಕೆ ಇರುವ ಅಂತರ, ಅನಿಲದ ಹರಿವು, ಸಮಯ ಈ ಮೂರನ್ನೂ ಅದರಲ್ಲಿ ಬೇರೆ ಬೇರೆಯಾಗಿ ಹಿಡಿತದಲ್ಲಿಡಬಹುದು.

ಕೋಶಗಳನ್ನು ಹೊರತೆಗೆಯುವ ಮೊದಲು ಬರಿಯ ಮಾಧ್ಯಮದ (ಕೋಶಗಳನ್ನು ಬೆಳೆಸುವ ಪೋಷಕ ದ್ರವದ) ಮೇಲೆ ಕೆಲವು ದಿನ ಕೆಲಸ ಮಾಡುವುದು ಒಳ್ಳೆಯದು. ಮೂತಿಯನ್ನು ಸ್ಟ್ಯಾಂಡಿಗೆ ಬಿಗಿದು ಅಂತರವನ್ನು ಸ್ಥಿರಗೊಳಿಸಬೇಕು. ಕೈಯಲ್ಲಿ ಹಿಡಿದು ನೀಡಿದ ಪ್ರಮಾಣಕ್ಕೆ ಬೆಲೆಯಿಲ್ಲ. ಆಮೇಲೆ ದ್ರವದ ಉಷ್ಣತೆಯನ್ನು ಅಳೆದು, ಅತಿ ದೀರ್ಘ ಅವಧಿಯಲ್ಲೂ ಅದು 37 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು.

ಆವಿಯಾಗುವ ನೀರಿನ ಲೆಕ್ಕವನ್ನು ಹೊಸಬರು ಬಿಟ್ಟುಬಿಡುವುದುಂಟು. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಅನಿಲವು ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ನಿಮಿಷಕ್ಕೆ ಮೂರು ಲೀಟರ್ ಒಣ ಆರ್ಗಾನ್ ಹರಿದರೆ ಪ್ರತಿ ನಿಮಿಷ ಹೆಚ್ಚೆಂದರೆ 69 ಮೈಕ್ರೊಲೀಟರ್ ನೀರು ಅದರೊಂದಿಗೆ ಹೋಗಬಹುದು. ಇದು ಗರಿಷ್ಠ ಮಿತಿ ಮಾತ್ರ, ನಿಜವಾದ ನಷ್ಟ ಇದಕ್ಕಿಂತ ಕಡಿಮೆ ಇರುತ್ತದೆ. ಆದರೂ ಒಂದು ಮಿಲಿ ಲೀಟರ್ ದ್ರವಕ್ಕೆ ಮೂರು ನಿಮಿಷ ಚಿಕಿತ್ಸೆ ನೀಡಿದಾಗ ಉಪ್ಪಿನ ಸಾಂದ್ರತೆ ಏರಿ, ಅಷ್ಟರಿಂದಲೇ ಕೋಶಗಳು ಸೊರಗಲು ಸಾಕಾಗಬಹುದು. ಪ್ಲೇಟನ್ನು ಚಿಕಿತ್ಸೆಯ ಮೊದಲೂ ಅನಂತರವೂ ತೂಗಿ, ಕಳೆದುಹೋದಷ್ಟು ನೀರನ್ನು ಕ್ರಿಮಿರಹಿತ ಶುದ್ಧ ನೀರಿನಿಂದ ತುಂಬಿಕೊಡಬೇಕು.

ಸುರಕ್ಷತೆಯ ವಿಷಯ ಚಿಕ್ಕದಾದರೂ ಬಿಡುವಂತಿಲ್ಲ. ಉಪಕರಣದಲ್ಲಿ ಕಿಲೋವೋಲ್ಟ್ ಮಟ್ಟದ ವಿದ್ಯುತ್ತಿರುವುದರಿಂದ ಅರ್ಥಿಂಗ್ ಸರಿಯಾಗಿರಬೇಕು. ಸಿಲಿಂಡರ್ ಅನ್ನು ಗೋಡೆಗೆ ಸರಪಳಿಯಿಂದ ಬಿಗಿದಿರಬೇಕು. ಆರ್ಗಾನ್ ಮುಚ್ಚಿದ ಕೋಣೆಯಲ್ಲಿ ಆಮ್ಲಜನಕವನ್ನು ಪಕ್ಕಕ್ಕೆ ತಳ್ಳುತ್ತದೆ. ಓಝೋನ್‌ಗೆ ಎಂಟು ಗಂಟೆಗಳ ಕೆಲಸದ ಮಿತಿ ಹತ್ತು ದಶಲಕ್ಷಕ್ಕೆ ಒಂದು ಭಾಗ ಮಾತ್ರವಾದುದರಿಂದ, ವಾಸನೆ ಬರತೊಡಗಿದರೆ ಗಾಳಿಯ ವ್ಯವಸ್ಥೆ ಸಾಲದು ಎಂದೇ ತಿಳಿಯಬೇಕು.

ಕೋಶಗಳ ಆಯ್ಕೆ

ಒಂದೇ ಕೋಶ ಸಂತತಿಯನ್ನು (ಪ್ರಯೋಗಾಲಯದಲ್ಲಿ ನಿರಂತರವಾಗಿ ಬೆಳೆಸುವ ಕೋಶಗಳ ತಳಿಯನ್ನು) ಹಿಡಿದು ‘ಲ್ಯುಕೇಮಿಯಾ’ ಎಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಕನಿಷ್ಠ ಎರಡು ಮೂರು ಮೂಲಗಳ ಕೋಶಗಳು ಬೇಕು: ಟಿ-ಕೋಶದ ತೀವ್ರ ಲ್ಯುಕೇಮಿಯಾಕ್ಕೆ ಜರ್ಕಾಟ್, ಮಾನೋಸೈಟ್ ಮೂಲದ್ದಕ್ಕೆ ಟಿಎಚ್‌ಪಿ-1, ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾಕ್ಕೆ ಕೆ-562. ಈ ಆಯ್ಕೆಗೆ ಕಾರಣವಿದೆ. ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನಲ್ಲಿ ನಡೆದ ಕೆಲಸದಲ್ಲಿ ಜರ್ಕಾಟ್ ಕೋಶಗಳು ಪ್ಲಾಸ್ಮಾಕ್ಕೆ ಬೇಗ ಬಲಿಯಾದವು, ಟಿಎಚ್‌ಪಿ-1 ಕೋಶಗಳು ಹೆಚ್ಚು ತಾಳಿಕೊಂಡವು. ಅದಕ್ಕೂ ಮೊದಲು, 2012ರಲ್ಲಿ, ಅಮೆರಿಕದ ಓಲ್ಡ್ ಡೊಮಿನಿಯನ್ ವಿಶ್ವವಿದ್ಯಾಲಯದ ಬರೆಕ್ಜಿ ಮತ್ತು ಲಾರೂಸಿ ಅವರು ಸಿಸಿಆರ್‌ಎಫ್-ಸಿಇಎಂ ಎಂಬ ಮತ್ತೊಂದು ಟಿ-ಕೋಶ ಲ್ಯುಕೇಮಿಯಾದಲ್ಲಿ, ಪ್ಲಾಸ್ಮಾಕ್ಕೆ ಒಡ್ಡಿದ ಅವಧಿ ಹೆಚ್ಚಿದಂತೆ ಸಾವೂ ಹೆಚ್ಚುವುದನ್ನು ತೋರಿಸಿದ್ದರು. ಜರ್ಕಾಟ್ ಒಂದರಲ್ಲೇ ಪ್ರಯೋಗ ಮಾಡಿದವರಿಗೆ ಪ್ಲಾಸ್ಮಾ ಅದ್ಭುತವಾಗಿ ಕಂಡೀತು. ಟಿಎಚ್‌ಪಿ-1 ಪಕ್ಕದಲ್ಲಿದ್ದರೆ ಆ ಉತ್ಸಾಹ ಹದಕ್ಕೆ ಬರುತ್ತದೆ.

ನಮ್ಮ ದೇಶದಲ್ಲಿ ಇಂಥ ಕೋಶ ಸಂತತಿಗಳನ್ನು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಭಂಡಾರದಿಂದ ಪಡೆಯಬಹುದು. ಪಕ್ಕದ ಪ್ರಯೋಗಾಲಯದಿಂದ ಕೇಳಿ ತಂದ ಕೋಶಗಳಾದರೆ ಅವುಗಳ ಡಿಎನ್‌ಎ ಗುರುತನ್ನೂ ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಸೋಂಕನ್ನೂ ಪರೀಕ್ಷಿಸದೆ ಬಳಸಬಾರದು.

ಮಾಧ್ಯಮ: ಅರ್ಧ ಪ್ರಯೋಗ ಇಲ್ಲೇ ಇದೆ

ಪ್ಲಾಸ್ಮಾ ಕೋಶವನ್ನು ನೇರವಾಗಿ ಮುಟ್ಟುವುದು ಅಪರೂಪ. ಅದು ಮೊದಲು ಮುಟ್ಟುವುದು ದ್ರವವನ್ನು. ಹೈಡ್ರಾಕ್ಸಿಲ್, ಸೂಪರಾಕ್ಸೈಡ್, ನೈಟ್ರಿಕ್ ಆಕ್ಸೈಡ್‌ನಂಥ ಅಲ್ಪಾಯುಷಿ ಕಣಗಳು ದ್ರವದ ಮೇಲ್ಪದರದಲ್ಲೇ ಪ್ರತಿಕ್ರಿಯಿಸಿ ಮುಗಿದುಹೋಗುತ್ತವೆ. ಕೆಳಗೆ ಕುಳಿತ ಕೋಶಗಳನ್ನು ತಲುಪುವುದು ಮುಖ್ಯವಾಗಿ ಹೈಡ್ರೋಜನ್ ಪೆರಾಕ್ಸೈಡ್, ನೈಟ್ರೈಟ್ ಮತ್ತು ನೈಟ್ರೇಟ್. ಹಾಗಾಗಿ ಮಾಧ್ಯಮದಲ್ಲಿ ಏನಿದೆ ಎಂಬುದರ ಮೇಲೆ ಕೋಶಕ್ಕೆ ಎಷ್ಟು ತಲುಪುತ್ತದೆ ಎಂಬುದು ನಿಂತಿದೆ.

ಡಿಎಂಇಎಂ ಮಾಧ್ಯಮದ ಕೆಲವು ಬಗೆಗಳಲ್ಲಿ ಒಂದು ಮಿಲಿಮೋಲಾರ್ ಪೈರುವೇಟ್ ಇರುತ್ತದೆ. ಅದು ಪೆರಾಕ್ಸೈಡ್‌ನೊಂದಿಗೆ ಕೂಡಿ ಅಸಿಟೇಟ್, ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಪೆರಾಕ್ಸೈಡ್ ಅನ್ನು ಅಳಿಸಿಹಾಕುತ್ತದೆ. ಸಾಮಾನ್ಯ ಆರ್‌ಪಿಎಂಐ-1640ರಲ್ಲಿ ಪೈರುವೇಟ್ ಇಲ್ಲ. ಲ್ಯುಕೇಮಿಯಾ ಕೋಶಗಳನ್ನು ಆರ್‌ಪಿಎಂಐಯಲ್ಲೂ ಆರೋಗ್ಯವಂತ ಕೋಶಗಳನ್ನು ಪೈರುವೇಟ್ ಇರುವ ಬೇರೊಂದು ಮಾಧ್ಯಮದಲ್ಲೂ ಇಟ್ಟು ಹೋಲಿಸಿದರೆ, ‘ಪ್ಲಾಸ್ಮಾ ಕ್ಯಾನ್ಸರ್ ಕೋಶಗಳನ್ನು ಮಾತ್ರ ಕೊಲ್ಲುತ್ತದೆ’ ಎಂಬ ಸುಂದರ ಫಲಿತಾಂಶ ಬರುತ್ತದೆ, ಆದರೆ ಅದು ಪೈರುವೇಟ್‌ನ ಕೆಲಸವಾಗಿರುತ್ತದೆ. ಮಾಧ್ಯಮಕ್ಕೆ ಸೇರಿಸುವ ಸೀರಂ (ರಕ್ತದ ತಿಳಿದ್ರವ) ಕೂಡ ಆಕ್ಸಿಡೀಕಾರಕಗಳನ್ನು ಹೀರುತ್ತದೆ. ಅದರ ಶೇಕಡಾವಾರು ಪ್ರಮಾಣ ಎಲ್ಲ ಗುಂಪುಗಳಲ್ಲೂ ಒಂದೇ ಇರಲಿ.

ಆರ್‌ಪಿಎಂಐಗೂ ಅದರದೇ ತೊಡಕುಗಳಿವೆ. ಅದರ ಪ್ರತಿ ಲೀಟರಿನಲ್ಲಿ 100 ಮಿಲಿ ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಇರುವುದರಿಂದ ಪ್ಲಾಸ್ಮಾದಿಂದ ಹುಟ್ಟಿದ ನೈಟ್ರೇಟ್ ಅನ್ನು ಅಳೆಯಲು ಅದು ಯೋಗ್ಯವಲ್ಲ. ಆ ಅಳತೆಗೆ ಫಾಸ್ಫೇಟ್ ಬಫರ್ ಬಳಸಬೇಕು. ಮಾಧ್ಯಮದಲ್ಲಿರುವ ಫಿನಾಲ್ ರೆಡ್ ಎಂಬ ವರ್ಣಕವು, ಬಣ್ಣವನ್ನು ಅಳೆಯುವ ಪರೀಕ್ಷೆಗಳನ್ನು ಕೆಡಿಸುವುದರಿಂದ ಅದಿಲ್ಲದ ಮಾಧ್ಯಮ ಲೇಸು. ಬೈಕಾರ್ಬನೇಟ್ ಬಫರ್ ಮೇಲೆ ಒಣ ಅನಿಲ ಹರಿದಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಪಿಎಚ್ ಏರುತ್ತದೆ. 25 ಮಿಲಿಮೋಲಾರ್ ಹೆಪೆಸ್ ಎಂಬ ಇನ್ನೊಂದು ಬಫರ್ ಸೇರಿಸಿದರೆ ಇದು ಹತೋಟಿಗೆ ಬರುತ್ತದೆ.

ಚಿಕಿತ್ಸೆ ನೀಡುವುದು

ಬೆಳವಣಿಗೆಯ ವೇಗದ ಹಂತದಲ್ಲಿರುವ, ಸತ್ತ ಕೋಶಗಳಿಗಷ್ಟೇ ಬಣ್ಣ ಹಿಡಿಸುವ ಟ್ರಿಪಾನ್ ಬ್ಲೂ ಪರೀಕ್ಷೆಯಲ್ಲಿ ಶೇಕಡ 95ಕ್ಕಿಂತ ಹೆಚ್ಚು ಜೀವಂತವಾಗಿರುವ ಕೋಶಗಳನ್ನು ತೆಗೆದುಕೊಂಡು, ಸೆಂಟ್ರಿಫ್ಯೂಜಿನಲ್ಲಿ 300 ಜಿ ಬಲದಲ್ಲಿ ಐದು ನಿಮಿಷ ತಿರುಗಿಸಿ, ಹೊಸ ಮಾಧ್ಯಮದಲ್ಲಿ ಮಿಲಿ ಲೀಟರಿಗೆ ಎರಡರಿಂದ ಐದು ಲಕ್ಷದಷ್ಟು ಬಿಡಬೇಕು. ಈ ಸಂಖ್ಯೆ ಪ್ರತಿ ಬಾರಿಯೂ ಒಂದೇ ಆಗಿರಬೇಕು. ಕೋಶಗಳೇ ಪೆರಾಕ್ಸೈಡ್ ಅನ್ನು ಒಡೆಯುವುದರಿಂದ, ಸಂಖ್ಯೆ ಇಮ್ಮಡಿಯಾದರೆ ಪ್ರತಿ ಕೋಶದ ಪಾಲಿಗೆ ಬರುವ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ.

24 ವೆಲ್‌ಗಳ (ಚಿಕ್ಕ ಗುಂಡಿಗಳ) ಪ್ಲೇಟಿನಲ್ಲಿ ಪ್ರತಿ ವೆಲ್‌ಗೆ ಒಂದು ಮಿಲಿ ಲೀಟರ್ ಹಾಕಿ, ಮೂತಿಯನ್ನು ದ್ರವದ ಮೇಲ್ಮೈಯಿಂದ ಹತ್ತು ಮಿಲಿ ಮೀಟರ್ ಎತ್ತರದಲ್ಲಿ ನಿಲ್ಲಿಸಿ, 30, 60, 120, 180 ಸೆಕೆಂಡುಗಳ ಸರಣಿಯಿಂದ ಆರಂಭಿಸಬಹುದು. ಚಿಕಿತ್ಸೆಗೆ ಒಳಗಾದ ವೆಲ್‌ಗಳ ನಡುವೆ ಖಾಲಿ ವೆಲ್‌ಗಳನ್ನು ಬಿಡಬೇಕು, ಚಿಕಿತ್ಸೆಯಿಲ್ಲದ ಗುಂಪನ್ನು ಬೇರೆ ಪ್ಲೇಟಿನಲ್ಲೇ ಇಡಬೇಕು. ಮೂತಿಯಿಂದ ಹೊರಬಿದ್ದ ಅನಿಲ ಪಕ್ಕದ ವೆಲ್‌ಗಳ ಮೇಲೂ ಹರಿಯುತ್ತದೆ. ಉಪಕರಣವನ್ನು ಮೊದಲ ವೆಲ್‌ಗೆ ಹಿಡಿಯುವ ಮುನ್ನ ಅನಿಲವನ್ನು ಕೆಲವು ನಿಮಿಷ ಹರಿಯಬಿಡುವುದೂ ಅಗತ್ಯ. ಕೊಳವೆಯಲ್ಲಿ ಉಳಿದ ತೇವಾಂಶ ಪೆರಾಕ್ಸೈಡ್ ಉತ್ಪಾದನೆಯನ್ನು ಏರಿಸುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಮಾಡಿದ ಪ್ರಯೋಗವನ್ನು ಬೇಸಿಗೆಯಲ್ಲಿ ಮತ್ತೆ ಮಾಡಲು ಹೊರಟವರು ಕೋಣೆಯ ಆರ್ದ್ರತೆಯನ್ನು ಬರೆದಿಟ್ಟಿರದಿದ್ದರೆ ವ್ಯತ್ಯಾಸದ ಕಾರಣ ಹುಡುಕುತ್ತಾ ಕೂರಬೇಕಾಗುತ್ತದೆ.

ನೇರ ಚಿಕಿತ್ಸೆಯ ಜೊತೆಗೆ, ಬರಿಯ ಮಾಧ್ಯಮಕ್ಕೆ ಪ್ಲಾಸ್ಮಾ ನೀಡಿ ಆ ಮಾಧ್ಯಮವನ್ನು ಕೋಶಗಳಿಗೆ ಸೇರಿಸುವ ಪರೋಕ್ಷ ವಿಧಾನವನ್ನೂ ಅದೇ ದಿನ ಮಾಡಬೇಕು. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ಮೆದುಳಿನ ಗಡ್ಡೆಯ ಕೋಶಗಳಲ್ಲಿ ಬೆಳೆಸಿದ ಈ ವಿಧಾನ ರಕ್ತದ ಕ್ಯಾನ್ಸರ್‌ಗೆ ಇನ್ನಷ್ಟು ಪ್ರಸ್ತುತ. ರಕ್ತದಲ್ಲಿ ಹರಿದಾಡುವ ರೋಗಕ್ಕೆ ಜ್ವಾಲೆ ಹಿಡಿಯಲು ಒಂದು ಮೇಲ್ಮೈಯೇ ಇಲ್ಲ. ನೇರ ಮತ್ತು ಪರೋಕ್ಷ ವಿಧಾನಗಳ ಫಲಿತಾಂಶ ಒಂದೇ ಆದರೆ ಅಲ್ಪಾಯುಷಿ ಕಣಗಳಿಗೆ ದೊಡ್ಡ ಪಾತ್ರವಿಲ್ಲ ಎಂದಾಯಿತು.

ಹೋಲಿಕೆಯ ಗುಂಪುಗಳು

ಪ್ರಯೋಗದ ಬೆಲೆ ನಿಲ್ಲುವುದು ಈ ಗುಂಪುಗಳ ಮೇಲೆ. ವೆಲ್‌ಗಳು ಸಾಲದೆ ಬಂದಾಗ ಚಿಕಿತ್ಸೆಯ ಅವಧಿಗಳನ್ನು ಕಡಿಮೆ ಮಾಡಬಹುದು, ಇವುಗಳನ್ನಲ್ಲ.

ಮೊದಲನೆಯದು, ವಿದ್ಯುತ್ ಹಚ್ಚದೆ ಅನಿಲವನ್ನಷ್ಟೇ ಹರಿಸಿದ ಗುಂಪು. ಆವಿಯಾಗುವಿಕೆ, ತಂಪು, ಪಿಎಚ್ ಬದಲಾವಣೆ, ಹರಿವಿನ ಒತ್ತಡ ಎಲ್ಲವೂ ಇದರಲ್ಲಿ ಬಯಲಾಗುತ್ತವೆ. ಎರಡನೆಯದು, ಪ್ಲಾಸ್ಮಾ ಉಂಟುಮಾಡಿದಷ್ಟೇ ಹೈಡ್ರೋಜನ್ ಪೆರಾಕ್ಸೈಡ್ ಅನ್ನು ಬಾಟಲಿಯಿಂದ ಸೇರಿಸಿದ ಗುಂಪು. ಇದಕ್ಕಾಗಿ ಪ್ಲಾಸ್ಮಾ ಕಂಡ ದ್ರವದಲ್ಲಿನ ಪೆರಾಕ್ಸೈಡ್ ಅನ್ನು ಆಂಪ್ಲೆಕ್ಸ್ ರೆಡ್ ಅಥವಾ ಟೈಟಾನಿಯಂ ಆಕ್ಸಿಸಲ್ಫೇಟ್ ವಿಧಾನದಿಂದ ಅಳೆಯಬೇಕು. ಉಪಕರಣ ಮತ್ತು ಅವಧಿಯನ್ನು ಅವಲಂಬಿಸಿ ಅದು ಹತ್ತಾರು ಮೈಕ್ರೊಮೋಲಾರ್‌ಗಳಿಂದ ಕೆಲವು ನೂರರವರೆಗೆ ಇರಬಹುದು. ಅಂಗಡಿಯಲ್ಲಿ ಸಿಗುವ ಶೇಕಡ 30ರ ಪೆರಾಕ್ಸೈಡ್ ಸುಮಾರು 9.8 ಮೋಲಾರ್ ಆಗಿದ್ದರೂ ಬಾಟಲಿ ತೆರೆದ ದಿನದಿಂದ ಅದು ಇಳಿಯುತ್ತಾ ಹೋಗುತ್ತದೆ. ಆದ್ದರಿಂದ ಲೇಬಲ್ ನಂಬದೆ 240 ನ್ಯಾನೊಮೀಟರ್‌ನಲ್ಲಿ ಅದರ ಬೆಳಕಿನ ಹೀರಿಕೆಯನ್ನು ನೋಡಬೇಕು. ಅಲ್ಲಿ ಮೋಲಾರ್ ಗುಣಾಂಕ 43.6 ಆಗಿರುವುದರಿಂದ, ಒಂದು ಸೆಂಟಿ ಮೀಟರ್ ಕುವೆಟ್‌ನಲ್ಲಿ ಹತ್ತು ಮಿಲಿಮೋಲಾರ್ ದ್ರಾವಣ 0.436 ತೋರಿಸಬೇಕು.

ಮೂರನೆಯದು, ಚಿಕಿತ್ಸೆಗೆ ಮೊದಲೇ ಕ್ಯಾಟಲೇಸ್ ಕಿಣ್ವ ಸೇರಿಸಿದ ಗುಂಪು. ಮಿಲಿ ಲೀಟರಿಗೆ ಕೆಲವು ನೂರು ಯೂನಿಟ್ ಸಾಕು. ಕ್ಯಾಟಲೇಸ್ ಇದ್ದಾಗ ಕೋಶಗಳು ಬದುಕಿದರೆ ಸಾವಿಗೆ ಪೆರಾಕ್ಸೈಡ್ ಬೇಕೇ ಬೇಕು ಎಂದು ತಿಳಿಯುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ: ಯಾವ ಪ್ರೊಟೀನ್ ಸೇರಿಸಿದರೂ ಅದು ಸ್ವಲ್ಪ ಮಟ್ಟಿಗೆ ಆಕ್ಸಿಡೀಕಾರಕಗಳನ್ನು ಹೀರುತ್ತದೆ. ಕುದಿಸಿ ನಿಷ್ಕ್ರಿಯಗೊಳಿಸಿದ ಕ್ಯಾಟಲೇಸ್‌ನ ಗುಂಪೊಂದನ್ನು ಇಟ್ಟರೆ ಈ ಸಂದೇಹಕ್ಕೆ ಎಡೆಯಿರುವುದಿಲ್ಲ.

ಈ ಗುಂಪುಗಳನ್ನು ಒಟ್ಟಿಗೆ ಓದಬೇಕು. 2014ರಲ್ಲಿ ಗ್ರೈಫ್ಸ್‌ವಾಲ್ಡ್‌ನವರು ಮಾನವ ರಕ್ತಕೋಶಗಳಲ್ಲಿ ಪ್ಲಾಸ್ಮಾದ ಒತ್ತಡಕ್ಕೆ ಪೆರಾಕ್ಸೈಡ್ ಕೇಂದ್ರ ಪಾತ್ರಧಾರಿ ಎಂದು ಕಂಡುಕೊಂಡರು. ಮರುವರ್ಷ ಚೀನಾದ ಷಿಯಾನ್‌ನ ತಂಡವು ಎಲ್‌ಪಿ-1 ಎಂಬ ಮೈಲೋಮಾ (ಮಜ್ಜೆಯ ಕ್ಯಾನ್ಸರ್) ಕೋಶಗಳಲ್ಲಿ, ಪೆರಾಕ್ಸೈಡ್ ಮತ್ತು ಸೂಪರಾಕ್ಸೈಡ್‌ಗಳಿಂದ ಸ್ಥಳದಲ್ಲೇ ಹುಟ್ಟುವ ಹೈಡ್ರಾಕ್ಸಿಲ್ ಕಣಗಳು ಸಾವಿನಲ್ಲಿ ನಿರ್ಣಾಯಕವೆಂದು ವಾದಿಸಿತು. ಬಾಟಲಿಯ ಪೆರಾಕ್ಸೈಡ್ ಗುಂಪಿನಲ್ಲೂ ಪ್ಲಾಸ್ಮಾ ಗುಂಪಿನಲ್ಲೂ ಒಂದೇ ಪ್ರಮಾಣದ ಸಾವು ಕಂಡರೆ, ದುಬಾರಿ ಉಪಕರಣವು ಪೆರಾಕ್ಸೈಡ್ ತಯಾರಿಸುವ ಯಂತ್ರವಾಗಿ ಮಾತ್ರ ಕೆಲಸ ಮಾಡಿದೆ ಎಂದು ಒಪ್ಪಿಕೊಂಡು ಬರೆಯಬೇಕು. ಪ್ಲಾಸ್ಮಾ ಗುಂಪಿನಲ್ಲಿ ಸಾವು ಹೆಚ್ಚಿದ್ದು, ಅದನ್ನು ಕ್ಯಾಟಲೇಸ್ ತಡೆದಿದ್ದರೆ, ಪೆರಾಕ್ಸೈಡ್ ಅಗತ್ಯವಾದರೂ ಅದೊಂದೇ ಸಾಲದು ಎಂಬ ನಿಜವಾಗಿ ಕುತೂಹಲದ ಸ್ಥಿತಿ ಅದು. ಆಗ ನೈಟ್ರೈಟ್ ಅನ್ನೂ ಅಳೆದು, ಪೆರಾಕ್ಸೈಡ್ ಜೊತೆ ಅದನ್ನೂ ಸೇರಿಸಿದ ಮತ್ತೊಂದು ಗುಂಪನ್ನು ಹೂಡಬೇಕು. ಇವುಗಳಲ್ಲದೆ ಸೈಟರಾಬಿನ್ ಅಥವಾ ಎಟೊಪೊಸೈಡ್ ಎಂಬ ಕೀಮೋಥೆರಪಿ ಔಷಧ ನೀಡಿದ ಗುಂಪೊಂದಿದ್ದರೆ, ಸಾವಿನ ಪರೀಕ್ಷೆ ಸರಿಯಾಗಿ ನಡೆಯುತ್ತಿದೆ ಎಂಬುದಕ್ಕೆ ಆಧಾರವಾಗುತ್ತದೆ.

ಸಾವನ್ನು ಅಳೆಯುವುದು

ಜೀವಂತ ಕೋಶಗಳನ್ನು ಬಣ್ಣದಿಂದ ಅಂದಾಜಿಸುವ ಎಂಟಿಟಿ ಪರೀಕ್ಷೆ ಅಗ್ಗ, ಸುಲಭ. ಈ ಕೆಲಸಕ್ಕೆ ಮಾತ್ರ ಅಷ್ಟು ನಂಬಿಕಸ್ಥವಲ್ಲ. ಅದರ ಬಣ್ಣ ಬದಲಾಗುವುದೇ ಕೋಶದ ಅಪಕರ್ಷಣ ಶಕ್ತಿಯಿಂದ, ಪ್ಲಾಸ್ಮಾ ಕೈಯಿಡುವುದೂ ಅದೇ ಶಕ್ತಿಯ ಮೇಲೆ. ಹಾಗಾಗಿ ಬದುಕಿರುವ ಕೋಶವೂ ಸತ್ತಂತೆ ಕಾಣಬಹುದು. ಮುಖ್ಯ ಅಳತೆಯಾಗಿ ಸಾಯುತ್ತಿರುವ ಕೋಶಗಳಿಗೆ ಅಂಟುವ ಅನೆಕ್ಸಿನ್-5 ಮತ್ತು ಸತ್ತ ಕೋಶಗಳ ಒಳಹೋಗುವ ಪ್ರೊಪಿಡಿಯಂ ಅಯೊಡೈಡ್ ಹಚ್ಚಿ ಫ್ಲೋ ಸೈಟೊಮೀಟರಿನಲ್ಲಿ (ಕೋಶಗಳನ್ನು ಒಂದೊಂದಾಗಿ ಬೆಳಕಿನ ಮುಂದೆ ಹಾಯಿಸಿ ಎಣಿಸುವ ಯಂತ್ರದಲ್ಲಿ) ನೋಡುವುದನ್ನೇ ಇಟ್ಟುಕೊಳ್ಳಬೇಕು. ಅಪೊಪ್ಟೋಸಿಸ್ (ಕೋಶವು ಕ್ರಮಬದ್ಧವಾಗಿ ತನ್ನನ್ನು ತಾನೇ ಕೊಂದುಕೊಳ್ಳುವ ಕ್ರಿಯೆ) ನಡೆಯಲು ಗಂಟೆಗಳು ಬೇಕಾಗುವುದರಿಂದ 6, 24 ಮತ್ತು 48 ಗಂಟೆಗಳಲ್ಲಿ ಮಾದರಿ ತೆಗೆಯಬೇಕು. ಆ ಕ್ರಿಯೆಯನ್ನು ನಡೆಸುವ ಕ್ಯಾಸ್ಪೇಸ್-3 ಕಿಣ್ವದ ಚಟುವಟಿಕೆಯನ್ನು ಅಳೆದು, ಕ್ಯಾಸ್ಪೇಸ್ ತಡೆಯುವ ಔಷಧ ನೀಡಿದಾಗ ಕೋಶಗಳು ಉಳಿಯುತ್ತವೆಯೇ ಎಂದೂ ನೋಡಿದ ಮೇಲೆಯೇ ‘ಅಪೊಪ್ಟೋಸಿಸ್’ ಎಂಬ ಹೆಸರನ್ನು ಬಳಸಬೇಕು. ಪ್ರತಿ ಮಾದರಿಯಲ್ಲೂ ಜೀವಂತ ಕೋಶಗಳ ಒಟ್ಟು ಸಂಖ್ಯೆಯನ್ನು ಎಣಿಸಬೇಕು. ಶೇಕಡಾವಾರು ಲೆಕ್ಕದಲ್ಲಿ, ಒಡೆದು ಪುಡಿಯಾದ ಕೋಶಗಳು ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

ಒಂದೇ ದಿನದ ಮೂರು ವೆಲ್‌ಗಳು ಮೂರು ಪ್ರಯೋಗಗಳಲ್ಲ. ಬೇರೆ ಬೇರೆ ದಿನ, ಬೇರೆ ಪ್ಯಾಸೇಜಿನ (ಬೇರೆ ಸಲ ಹೊಸ ಮಾಧ್ಯಮಕ್ಕೆ ಬದಲಿಸಿ ಬೆಳೆಸಿದ) ಕೋಶಗಳಲ್ಲಿ ಕನಿಷ್ಠ ಮೂರು ಸಲ ಮಾಡಿ, ಆ ದಿನಗಳ ಸರಾಸರಿಗಳನ್ನೇ ಸಂಖ್ಯಾಶಾಸ್ತ್ರಕ್ಕೆ ಒಪ್ಪಿಸಬೇಕು.

ಆರೋಗ್ಯವಂತ ಕೋಶಗಳೊಂದಿಗೆ ಹೋಲಿಕೆ

ದಾನಿಗಳ ರಕ್ತದಿಂದ 1.077 ಸಾಂದ್ರತೆಯ ಫೈಕಾಲ್ ದ್ರಾವಣದ ಮೇಲೆ ಬೇರ್ಪಡಿಸಿದ ಏಕಕೇಂದ್ರ ಬಿಳಿ ಕೋಶಗಳನ್ನು ಹೋಲಿಕೆಗೆ ಬಳಸುವುದು ರೂಢಿ. ಇದಕ್ಕೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆಯೂ ದಾನಿಯ ಲಿಖಿತ ಸಮ್ಮತಿಯೂ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇದನ್ನು ವಿವರವಾಗಿ ಹೇಳುತ್ತದೆ.

ಬೇರೆ ಬೇರೆ ವೆಲ್‌ಗಳಲ್ಲಿ ಇಟ್ಟು ಹೋಲಿಸುವುದಕ್ಕಿಂತ ಎರಡನ್ನೂ ಒಂದೇ ವೆಲ್‌ನಲ್ಲಿ ಬೆರೆಸುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ನ್ಯಾಯವಾದ ಪರೀಕ್ಷೆ. ಲ್ಯುಕೇಮಿಯಾ ಕೋಶಗಳಿಗೆ ಸಿಎಫ್‌ಎಸ್‌ಇ ಬಣ್ಣ ಹಚ್ಚಿ, ಬಣ್ಣವಿಲ್ಲದ ಆರೋಗ್ಯವಂತ ಕೋಶಗಳೊಂದಿಗೆ ಸಮಪ್ರಮಾಣದಲ್ಲಿ ಸೇರಿಸಿ ಪ್ಲಾಸ್ಮಾ ನೀಡಿದರೆ ಮಾಧ್ಯಮ, ಪ್ರಮಾಣ, ಸಮಯ ಎಲ್ಲವೂ ಎರಡಕ್ಕೂ ಒಂದೇ ಆಗುತ್ತದೆ. ಸೈಟೊಮೀಟರಿನಲ್ಲಿ ಬಣ್ಣದ ಆಧಾರದಿಂದ ಬೇರ್ಪಡಿಸಿ ಯಾವುದು ಎಷ್ಟು ಸತ್ತಿದೆ ಎಂದು ಓದಬಹುದು. ಸಿಎಫ್‌ಎಸ್‌ಇ ಹಸಿರು ಬಣ್ಣದ್ದಾದುದರಿಂದ ಅನೆಕ್ಸಿನ್‌ಗೆ ಬೇರೆ ಬಣ್ಣವನ್ನು ಆರಿಸಿಕೊಳ್ಳಬೇಕು. ಆರೋಗ್ಯವಂತ ಕೋಶಗಳನ್ನೂ ಒಂದೇ ಗುಂಪಾಗಿ ನೋಡದೆ ಲಿಂಫೋಸೈಟ್ ಮತ್ತು ಮಾನೋಸೈಟ್‌ಗಳಾಗಿ ವಿಂಗಡಿಸಬೇಕು. ಮಾನೋಸೈಟ್‌ಗಳು ಪ್ಲಾಸ್ಮಾವನ್ನು ತಾಳಿಕೊಳ್ಳುವಲ್ಲಿ ಗಟ್ಟಿ, ಲಿಂಫೋಸೈಟ್‌ಗಳು ಮೃದು. ಜರ್ಕಾಟ್ ಸತ್ತ ಪ್ರಮಾಣದಲ್ಲೇ ದಾನಿಯ ಟಿ-ಕೋಶಗಳೂ ಸಾಯುವುದನ್ನು ಕಂಡರೆ ಆಶ್ಚರ್ಯಪಡಬೇಕಿಲ್ಲ, ಅದನ್ನು ಮರೆಮಾಚಲೂಬಾರದು.

ಈ ಪರೀಕ್ಷೆಗಳಲ್ಲಿ ನಿಜವಾದ ಆಯ್ಕೆಶಕ್ತಿ ಕಂಡುಬಂದರೆ ಮುಂದೆ ರೋಗಿಗಳ ಮಾದರಿಗಳಿಗೆ ಹೋಗಬಹುದು. ಅಲ್ಲಿ ಯೋಚಿಸಬೇಕಾದ ದಾರಿ ಪ್ಲಾಸ್ಮಾ ಕಂಡ ದ್ರವವನ್ನು ನರಕ್ಕೆ ಚುಚ್ಚುವುದಲ್ಲ. ಕೆಂಪು ರಕ್ತಕಣಗಳಲ್ಲಿ ತುಂಬಿರುವ ಕ್ಯಾಟಲೇಸ್ ಅಂಥ ದ್ರವದ ಪೆರಾಕ್ಸೈಡ್ ಅನ್ನು ಕ್ಷಣಾರ್ಧದಲ್ಲಿ ಒಡೆದುಹಾಕುತ್ತದೆ. ರಕ್ತದಿಂದ ಬಿಳಿ ಕೋಶಗಳನ್ನು ಹೊರತೆಗೆದು, ದೇಹದ ಹೊರಗೆ ಚಿಕಿತ್ಸೆ ನೀಡಿ, ಮತ್ತೆ ಒಳಗೆ ಬಿಡುವ ಮಾದರಿ ಹೆಚ್ಚು ಸಾಧ್ಯವೆನಿಸುತ್ತದೆ. ಚರ್ಮದ ಟಿ-ಕೋಶ ಲಿಂಫೋಮಾಕ್ಕೆ ಸೊರಾಲೆನ್ ಎಂಬ ಔಷಧ ಮತ್ತು ಅತಿನೇರಳೆ ಬೆಳಕಿನಿಂದ ಹೀಗೆ ಮಾಡುವ ಫೋಟೊಫೆರೆಸಿಸ್ ವಿಧಾನ 1980ರ ದಶಕದ ಕೊನೆಯಿಂದಲೇ ಆಸ್ಪತ್ರೆಗಳಲ್ಲಿದೆ. ರೋಗಿಯದೇ ಕಾಂಡಕೋಶಗಳನ್ನು ದೇಹಕ್ಕೆ ಮರಳಿ ಕಸಿ ಮಾಡುವ ಮುನ್ನ ಅವುಗಳಲ್ಲಿ ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳನ್ನು ತೊಡೆಯುವುದು ಇನ್ನೊಂದು ಸಾಧ್ಯತೆ. ಅದಕ್ಕೆ ಸಿಡಿ34 ಗುರುತುಳ್ಳ ಕಾಂಡಕೋಶಗಳು ಪ್ಲಾಸ್ಮಾದ ನಂತರವೂ ಬದುಕಿ, ಮೆದು ಅಗರ್‌ನಂಥ ಮಾಧ್ಯಮದಲ್ಲಿ ಎರಡು ವಾರಗಳಲ್ಲಿ ಕಾಲನಿಗಳನ್ನು ಕಟ್ಟುತ್ತವೆಯೇ ಎಂಬ ಪರೀಕ್ಷೆಯನ್ನು ಮೊದಲು ಮಾಡಬೇಕು.